ತಾಯಿ ಚಿಟ್ಟೆಯ ಮೇಲೆ ಹೊರಿಸಿದ್ದು

ಗಿರಿಜಾ, ನಿನ್ನ ಎಡಗಿವಿಯ ತಮಟೆ ಒಡೆದದ್ದು ನಾನೆಂದು ಊರಿಗೇ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ — ಹೊಡೆಯುವಾಗಲೇ ನನಗೆ ನಿಜ ತಿಳಿದಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ನಮ್ಮ ಮೂವರ ರಕ್ತ ತೆಗೆದು ಜೀನ್ ಪರೀಕ್ಷೆ ಮಾಡಿದ್ದರಲ್ಲ, ಫಲಿತಾಂಶ ಹೇಳುವ ಹೊತ್ತಿಗೆ ಮಗಳು ಚಂದನಾ ರಚ್ಚೆ ಹಿಡಿದಳೆಂದು ನೀನು ಹೊರಗೆ ಹೋಗಿದ್ದೆ. ಡಾಕ್ಟರಮ್ಮ ನನಗೊಬ್ಬನಿಗೇ ಬಿಡಿಸಿ ಹೇಳಿದರು. ಮೈಯ ಕೋಶಗಳ ಮೇಲೆ ಕೂದಲಿನಂಥ ಸಣ್ಣ ಎಳೆಯಿರುತ್ತದಂತೆ, ಕೋಶಕ್ಕೆ ಸುದ್ದಿ ಮುಟ್ಟಿಸುವುದು ಅದೇ. ಮಗುವಿನಲ್ಲಿ ಅದು ಕೆಟ್ಟಿದೆ. ಆರನೇ ಬೆರಳು, ಮಂಕಾಗುತ್ತಿರುವ ಕಣ್ಣು, ಕಿಡ್ನಿ — ಎಲ್ಲಕ್ಕೂ ಅದೇ ಮೂಲ.

"ನಿಮ್ಮಿಂದ ಒಂದು ಕೆಟ್ಟ ಜೀನ್ ಬಂದಿದೆ, ನಿಮ್ಮ ಹೆಂಡತಿಯಿಂದ ಒಂದು. ಎರಡೂ ಸೇರಿದ್ದಕ್ಕೇ ಹೀಗೆ. ನೀವು ಅವರಿಗೆ ಸೋದರಮಾವ ಅಲ್ವಾ?"

ತಲೆಯಾಡಿಸಿದೆ.

ಶಿಡ್ಲಘಟ್ಟದ ನಮ್ಮ ಮನೆಯ ಕಸುಬು ರೇಷ್ಮೆಮೊಟ್ಟೆ ಮಾಡಿ ಮಾರುವುದು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ; ರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡುತ್ತೇವೆ. ಗಂಡು ಚಿಟ್ಟೆಯನ್ನು ಯಾರೂ ಅರೆಯುವುದಿಲ್ಲ.

ಮನೆಗೆ ಬಂದೊಡನೆ "ಯಾರ ಕಡೇದಂತೆ ಕಣೋ?" ಎಂದಳು ಅಮ್ಮ.

"ತಾಯಿ ಕಡೇದಮ್ಮ" — ಎಂದುಬಿಟ್ಟೆ. ನಿನ್ನ ಹೊರತು ಮನೆಯಲ್ಲಿ ಯಾರೂ ಎರಡನೇ ಮಾತು ಕೇಳಲಿಲ್ಲ.

"ಹಂಗಾದ್ರೆ ಗಿರಿಜಾಳ ಅಪ್ಪನ ವಂಶದ್ದು, ನಮ್ಮದಲ್ಲ" ಎಂದು ಅಮ್ಮ, ನೀನು ಸ್ವಂತ ಮಗಳ ಮಗಳೆಂಬುದನ್ನೂ ಮರೆತು, ನಿನ್ನ ಮುಖಕ್ಕೇ ಉಗಿದಳು. ನೀನು ಅವಳ ಕಡೆ ನೋಡಲೇ ಇಲ್ಲ. ನನ್ನನ್ನು ಕೇಳಿದೆ — "ಮಾವ, ನಮ್ಮಮ್ಮ ನಿಮ್ಮಕ್ಕ ಅಲ್ವಾ? ನಿಮ್ಮದೂ ನಂದೂ ಒಂದೇ ರಕ್ತ ತಾನೇ?"

ಸರಿಯಾಗಿಯೇ ಕೇಳಿದೆ. ಅದಕ್ಕೇ ಹೊಡೆದೆ. ಗೋಡೆಗೆ ಬಡಿದು ಬಿದ್ದವಳ ಪಕ್ಕೆಗೆ ಒದ್ದೆ. ಜಡೆ ಹಿಡಿದು ಬಾಗಿಲಿಗೆ ಎಳೆದಾಗ ಹೊಸಿಲು ತಗಲಿ ನಿನ್ನ ತುಟಿ ಸೀಳಿತು. ಕಿವಿಯ ರಕ್ತ ಕತ್ತಿಗಿಳಿಯುತ್ತಿತ್ತು. ಚಂದನಾ ಚೀರುತ್ತಾ ಬಂದು ನನ್ನ ಕಾಲನ್ನು ಕಚ್ಚಿದಳು. ಅವಳನ್ನೂ ಝಾಡಿಸಿ ಒದ್ದೆ. ಕೋಪದಲ್ಲಿ ಕೈ ಎತ್ತಿದೆನೆಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಕೋಪವೆಲ್ಲಿತ್ತು — ನಿನ್ನ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೇ.

ನೀನು ಮಗಳೊಂದಿಗೆ ಮನೆ ಬಿಟ್ಟು ಹೋದ ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮಿಬ್ಬರನ್ನೂ ದೂರದಿಂದ ಕಂಡೆ. ಚಂದನಾಳಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ನಿನ್ನ ಎಡಗಡೆ ನಿಂತಿದ್ದವಳು ಕೈಯಿಂದ ತಡಕುತ್ತಾ ಸುತ್ತಿಬಂದು, ಬಲಗಿವಿಯ ಪಕ್ಕ ನಿಂತು ಮಾತಾಡಿದಳು.

ಅಮ್ಮ ಇನ್ನೂ ಬದುಕಿದ್ದಾಳೆ, ನಿನ್ನ ವಂಶವನ್ನು ಇನ್ನೂ ಬೈಯುತ್ತಾಳೆ. ನಾಳೆ ಅದೇ ಹೊಸಿಲ ಮೇಲೆ ನಿಂತು, ಬೀದಿಯವರೆಲ್ಲ ಕೇಳುವಂತೆ ನಿಜ ಹೇಳುತ್ತೇನೆ. ನೀನು ಕ್ಷಮಿಸಬೇಡ.