ಅರಕಲಗೂಡಿನಿಂದ ಹಾಸನಕ್ಕೆ, ಒಂದೇ ಪೆಟ್ಟಿಗೆಯೊಳಗೆ

ನಮ್ಮ ಕಾಲೇಜಿನಲ್ಲಿ ಈ ಕಥೆ ಹೇಳುವವರೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ಶ್ಯಾಮಲಾ ಮೇಡಂ ಬಂದು ಕೀಬೋರ್ಡ್ ಮುಟ್ಟಿದರು, ನೆಟ್‌ವರ್ಕ್ ಬಂತು, ಅವರ ಕೈಗುಣ ಅಂಥದ್ದು. ನಾನು ಇದನ್ನು ಒಪ್ಪುವುದಿಲ್ಲ. ಮೇಡಂ ಮೇಲೆ ನನಗೆ ಗೌರವವಿದೆ, ಕೈಗುಣದ ಮೇಲೆ ಇಲ್ಲ. ಅದೇ ಕೈ ಮುಟ್ಟಿದ ಸ್ಟಾಫ್ ರೂಮಿನ ಪ್ರಿಂಟರ್ ಆ ವರ್ಷವಿಡೀ ಕಾಗದ ನುಂಗುತ್ತಲೇ ಇತ್ತು. ಅದನ್ನೇಕೆ ಯಾರೂ ಕಥೆಗೆ ಸೇರಿಸುವುದಿಲ್ಲ? ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ವಿರುದ್ಧ ಮಾತಾಡಿಯೇ ಬೆಳೆದವನು ನಾನು. ಪರವಾಗಿ ಮಾತಾಡು ಎಂದರೆ ನಾಲಿಗೆ ತೊದಲುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಪಾಯಸ ಹೊಗಳಿದರೆ, ನನಗೆ ತಿಳಿಯದಂತೆಯೇ ಸಾರಿನ ವಕಾಲತ್ತು ವಹಿಸಿಬಿಟ್ಟಿರುತ್ತೇನೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದ ಕಾಲ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಬರೀ ಸಾಫ್ಟ್‌ವೇರಿನಿಂದಲೇ ಹುಟ್ಟಿಸಬಹುದು ಎಂಬ ಸಂಗತಿ ಹಾಸನದವರೆಗೂ ಬಂದಿತ್ತು. ಒಳಗಿನದು ತಾನೂ ಒಂದು ನಿಜವಾದ ಯಂತ್ರವೆಂದೇ ನಂಬಿ ಕೆಲಸ ಮಾಡುತ್ತದೆ. ಅಷ್ಟಕ್ಕೇ ನಿಲ್ಲದೆ, ತನ್ನ ಹೊಟ್ಟೆಯೊಳಗೆ ಇನ್ನೂ ಒಂದೆರಡು ಯಂತ್ರಗಳನ್ನು ಇಟ್ಟುಕೊಳ್ಳುತ್ತದೆ. ವೇದಾಂತಿಗಳನ್ನು ಕೇಳಿದರೆ 'ಇದನ್ನು ನಾವು ಎಂದೋ ಹೇಳಿದ್ದೆವು' ಎಂದಾರು. ಹೇಳಿರಬಹುದು. ಪಿಂಗ್ ಮಾಡಿ ತೋರಿಸಿರಲಿಲ್ಲ. ಪಿಂಗ್ ಎಂದರೆ ಮತ್ತೇನಲ್ಲ, ಒಂದು ಯಂತ್ರ ಇನ್ನೊಂದನ್ನು 'ಇದ್ದೀಯಾ?' ಎಂದು ಕೂಗುವುದು, ಅದು 'ಇದ್ದೀನಿ' ಎಂದು ಓಗೊಡುವುದು.

ಈ ಕೂಗು-ಓಗೊಡುವಿಕೆಯ ಮೇಲೆ ಮೇಡಂ ಅವರ ಪಾಠವೇ ನಿಂತಿತ್ತು. ನೆಟ್‌ವರ್ಕ್ ಲ್ಯಾಬ್ ಎಂಬ ಹೊಸ ವಿಷಯ ತರಬೇಕೆಂದು ಅವರು ಪ್ರಿನ್ಸಿಪಾಲರ ಬೆನ್ನು ಹತ್ತಿದ್ದರು. ಅಷ್ಟು ಕಂಪ್ಯೂಟರ್ ಎಲ್ಲಿಂದ ತರಲಿ ಎಂದು ಪ್ರಿನ್ಸಿಪಾಲರು ಕೇಳಿದರೆ, ಒಂದೇ ಸಾಕು, ಉಳಿದವನ್ನು ಅದರೊಳಗೇ ಕಟ್ಟಿಕೊಳ್ಳುತ್ತೇವೆ ಎಂದಿದ್ದರು ಮೇಡಂ. "ಸರಿ, ಶನಿವಾರ ಬಂದು ನೋಡ್ತೀನಿ. ಒಳಗಿಂದು ಹೊರಗಿಂದರ ಜೊತೆ ಮಾತಾಡಿದ್ರೆ ನಿಮ್ಮ ಲ್ಯಾಬ್ ಇರುತ್ತೆ. ಇಲ್ದಿದ್ರೆ ಆ ಮಾತನ್ನ ಇನ್ನು ಎತ್ತಬೇಡಿ" ಎಂದು ಪ್ರಿನ್ಸಿಪಾಲರು ಗೆರೆ ಎಳೆದಿದ್ದರು. ಕಟ್ಟುವ ಕೆಲಸ ಮೂವರು ವಿದ್ಯಾರ್ಥಿಗಳ ಪಾಲಿಗೆ ಬಂತು: ಹೊಳೆನರಸೀಪುರದ ನಾನು, ಅರಕಲಗೂಡಿನ ಜಯಣ್ಣ, ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿಯ ಸ್ವಾಮಿ.

ಯಂತ್ರಗಳಿಗೆ ಹೆಸರಿಡಬೇಕಿತ್ತು. ಮೇಜಿನ ಮೇಲಿದ್ದ ನಿಜವಾದ ಕಂಪ್ಯೂಟರಿಗೆ 'ಹಾಸನ' ಎಂದೆವು, ಜಿಲ್ಲಾ ಕೇಂದ್ರವೆಂಬ ಮರ್ಯಾದೆಯಿಂದ. ಅದರೊಳಗಿನದು 'ಹೊಳೆನರಸೀಪುರ'. ಅದರೊಳಗೆ 'ಅರಕಲಗೂಡು', 'ಚನ್ನರಾಯಪಟ್ಟಣ'. ಇಷ್ಟು ಹೇಳಿದ್ದೇ ತಡ, ಜಯಣ್ಣ ಎದ್ದು ನಿಂತ.

"ಲೇ ಶ್ರೀಕಂಠ, ನಮ್ಮೂರು ನಿಮ್ಮೂರ ಒಟ್ಟೆ ಒಳಗೆ ಯಾಕ್ಲಾ ಇರ್ಬೇಕು? ಅರಕಲಗೂಡಿಂದ ಆಸನಕ್ಕೆ ಸೀದಾ ಬಸ್ಸೈತೆ. ನಿಮ್ಮೂರ ಮುಖ ನೋಡೋ ಕರ್ಮ ನಮಗಿಲ್ಲ."

"ನಮಗೂ ಐತೆ ಕಣ್ಲಾ, ಐವೇ ಮೇಲೆ" ಎಂದ ಸ್ವಾಮಿ.

ನಾನು ಭೂಗೋಳಕ್ಕೂ ಕಂಪ್ಯೂಟರಿಗೂ ಇರುವ ವ್ಯತ್ಯಾಸವನ್ನು ಒಂದು ಮಧ್ಯಾಹ್ನವಿಡೀ ಪ್ರತಿಪಾದಿಸಿದೆ. ವಾದದಲ್ಲಿ ಗೆದ್ದೆನೆಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಸೋತ ಪಕ್ಷ ಒಂದು ಷರತ್ತು ಹಾಕಿತು: ಒಳಗೆ ಇರುತ್ತೇವೆ, ಆದರೆ ಯಂತ್ರಗಳಿಗೆ ವಿಳಾಸವಾಗಿ ಕೊಡುವ ನಂಬರ್ ಸರಣಿ ಪ್ರತಿ ತಾಲ್ಲೂಕಿಗೂ ಬೇರೆ ಇರಬೇಕು. ಒಪ್ಪಿಬಿಟ್ಟೆ. ನಡುವೆ ದಾರಿ ತೋರಿಸುವವರಿಲ್ಲದೆ ಬೇರೆ ಬೇರೆ ಸರಣಿಯ ಯಂತ್ರಗಳು ಒಂದನ್ನೊಂದು ಕಂಡೂ ಕಾಣದಂತೆ ಕೂರುತ್ತವೆ ಎಂಬುದು ಮೊದಲನೆಯ ಪಾಠಕ್ಕೇ ಗೊತ್ತಾಗುವ ಸಂಗತಿ. ಊರಭಿಮಾನದ ಬಿಸಿಯಲ್ಲಿ ಮೂವರಿಗೂ ಹೊಳೆಯಲಿಲ್ಲ. ಮೇಡಂ ಒಂದು ಸಲ ಕಣ್ಣಾಡಿಸಿ, "ಒಂದೇ ಜಿಲ್ಲೆಯವರು ತಾನೆ? ಒಂದೇ ಸರಣಿ ಕೊಡ್ರಪ್ಪ" ಎಂದು ಹೋದರು.

ಕೊಟ್ಟೆವು. ಅರಕಲಗೂಡು ಚನ್ನರಾಯಪಟ್ಟಣವನ್ನು ಕೂಗಿದರೆ ಉತ್ತರ ಬರತೊಡಗಿತು. ಹೊಳೆನರಸೀಪುರ ಹಾಸನವನ್ನು ಕೂಗಿದರೂ ಬಂತು. ಆದರೆ ಅರಕಲಗೂಡು ಹಾಸನವನ್ನು ಕೂಗಿದರೆ ಮೌನ. ಹೋಗಿಬರುವ ಸಂದೇಶದ ಪ್ಯಾಕೆಟ್‌ಗಳನ್ನೆಲ್ಲ ತೋರಿಸುವ ಒಂದು ಪ್ರೋಗ್ರಾಮನ್ನು ಹಾಸನದಲ್ಲಿ ಹಚ್ಚಿ ನೋಡಿದೆವು. ವಿಚಿತ್ರವೆಂದರೆ, ಅರಕಲಗೂಡಿನ ಕೂಗು ಹಾಸನಕ್ಕೆ ಕೇಳಿಸುತ್ತಿತ್ತು. ಹಾಸನ ಉತ್ತರವನ್ನೂ ಕೊಡುತ್ತಿತ್ತು. ಆ ಉತ್ತರ ಮಾತ್ರ ಹೊರಟಲ್ಲಿಂದ ಎಲ್ಲಿಗೂ ತಲುಪುತ್ತಿರಲಿಲ್ಲ. ಶುಕ್ರವಾರ ಲ್ಯಾಬಿಗೆ ಬೀಗ ಹಾಕುವ ಹೊತ್ತಿಗೂ ಅದೇ ಮೌನ. ಮೇಡಂ ಪರದೆಯನ್ನೊಮ್ಮೆ ನೋಡಿದರು, ಬ್ಯಾಗು ತೆಗೆದುಕೊಂಡು ನಡೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳಕ್ಕಾದರೆ ನನ್ನ ಬಳಿ ಪ್ರತಿವಾದವಿರುತ್ತದೆ.

ಈಗ ನನ್ನ ವಸತಿಯ ವಿಷಯ ಸ್ವಲ್ಪ ಹೇಳಬೇಕು. ಹಾಸನದಲ್ಲಿ ನಂಜಮ್ಮನವರ ಮನೆಯ ಹಿಂಭಾಗದ ರೂಮನ್ನು ಬಾಡಿಗೆಗೆ ಹಿಡಿದವನು ಜಯಣ್ಣ. ನಾನು ಜಯಣ್ಣನ ರೂಮಿನಲ್ಲಿ ಇದ್ದವನು. ನಂಜಮ್ಮನವರ ಲೆಕ್ಕದಲ್ಲಿ ಬಾಡಿಗೆದಾರನೆಂದರೆ ಜಯಣ್ಣ. ನಾನು 'ಜಯಣ್ಣನ ಜೊತೇಲಿರೋ ಹುಡ್ಗ'. ನನಗೊಂದು ಹೆಸರಿರಬಹುದೆಂದು ಅವರಿಗೆ ಅನಿಸಿರಲಿಲ್ಲ, ಹೇಳಬೇಕೆಂದು ನನಗೂ ಅನಿಸಿರಲಿಲ್ಲ. ನಾನು ಹೊರಗೆ ಹೋಗುವಾಗ ಅವರು ಒಂದು ದಿನವೂ ತಡೆದವರಲ್ಲ.

ಶನಿವಾರ ಬೆಳಿಗ್ಗೆ ಲ್ಯಾಬಿಗೆ ಹೋದರೆ ಬಾಗಿಲಲ್ಲೇ ಸ್ವಾಮಿ ಉರಿಯುತ್ತ ನಿಂತಿದ್ದ.

"ಎಲ್ ಸತ್ತಿದ್ಯೋ? ಫೋನ್ ಮಾಡುದ್ರೆ ಫೋನ್ ಆಫು. ಇರೀಸಾವೆ ಬಸ್ಸಲ್ಲಿ ನಿಂತ್ಕಂಡು ಬಂದು, ಸೀದಾ ನಿಮ್ಮನೆಗೋಗಿ ಕೇಳುದ್ರೆ ಆ ಯಮ್ಮ 'ಶ್ರೀಕಂಠ ಅನ್ನೋರು ಇಲ್ಲಿ ಯಾರೂ ಇಲ್ಲ ಕಣಪ್ಪ' ಅಂತ ಗೇಟಾಕ್ಕಂಡ್ಬುಡ್ತು!"

"ನಾನು ಒಳಗೇ ಇದ್ದೆ ಕಣೋ. ಜಯಣ್ಣನ ರೂಮು ಅಂತ ಕೇಳೋಕೆ ಏನಾಗಿತ್ತು?"

"ಜಯಣ್ಣ ಊರಿಗೋಗವ್ನೆ, ಅವನ್ನ ಕಟ್ಕಂಡು ನಂಗೇನ್ಲಾ? ನಂಗೆ ಬೇಕಾಗಿದ್ದದ್ದು ನೀನು. ನಿನ್ನೆಸ್ರೇ ತಾನೆ ಏಳ್ಬೇಕು?"

ಅವನ ಮಾತನ್ನೇ ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡೆ. ನಾನು ಹೊರಗೆ ಹೋಗಬಹುದು, ನನ್ನ ಹೆಸರು ಹಿಡಿದು ಬಂದವರು ಮಾತ್ರ ಒಳಗೆ ಬರುವಂತಿಲ್ಲ. ಗೇಟಿನಲ್ಲಿರುವವರಿಗೆ ಗೊತ್ತಿರುವುದು ಬಾಡಿಗೆದಾರನ ಹೆಸರೊಂದೇ. ಬಾಡಿಗೆದಾರನ ಜೊತೆ ಇರುವವನದ್ದಲ್ಲ. ಹಾಸನ ಕೊಟ್ಟ ಉತ್ತರದ ಮೇಲೆ ಇದ್ದ ಹೆಸರು ಅರಕಲಗೂಡಿನದು. ಹಾಸನದೊಳಗಿನ ಗೇಟಿಗೆ ಗೊತ್ತಿದ್ದುದು ಹೊಳೆನರಸೀಪುರ ಒಂದೇ!

ಸ್ವಾಮಿಯನ್ನು ಪಕ್ಕಕ್ಕೆ ತಳ್ಳಿ ಒಳಗೆ ಓಡಿದೆ. ಹೊಳೆನರಸೀಪುರವನ್ನು ಶುರು ಮಾಡಿದಾಗಲೆಲ್ಲ ಪರದೆಯ ಮೇಲೊಂದು ಎಚ್ಚರಿಕೆಯ ಚೌಕ ಬರುತ್ತಿತ್ತು. ಉದ್ದನೆಯ ಇಂಗ್ಲಿಷ್ ಕಂಡರೆ ಓದುವ ಮೊದಲೇ ಎಂಟರ್ ಒತ್ತುವುದು ನಮ್ಮ ಲ್ಯಾಬಿನ ಸಂಪ್ರದಾಯ. ಎಲ್ಲರ ಮಾತಿನಲ್ಲೂ ತಪ್ಪು ಹುಡುಕುವ ನಾನೂ ಆ ಸಂಪ್ರದಾಯದಲ್ಲಿ ಪರಮ ಆಸ್ತಿಕ. ಅಂದು ಮೊದಲ ಸಲ ಓದಿದೆ. ಈ ಯಂತ್ರ ಬೇರೆಯವರ ಹೆಸರಿಗೆ ಬಂದದ್ದನ್ನೂ ತೆಗೆದುಕೊಳ್ಳಲು ಅನುಮತಿ ಕೇಳುತ್ತಿದೆ, ಸುರಕ್ಷತೆಯ ದೃಷ್ಟಿಯಿಂದ ಕೊಟ್ಟಿಲ್ಲ ಎಂದಿತ್ತು. ಪಾಪ, ಹೊಳೆನರಸೀಪುರ ಪ್ರತಿ ಸಲವೂ 'ಅವರು ನಮ್ಮ ಮನೆಯವರೇ, ಬಿಡಿ' ಎಂದು ಗೇಟಿನಲ್ಲಿ ಬೇಡಿಕೊಂಡಿತ್ತು. ನಾವು ಎಂಟರ್ ಒತ್ತಿದ್ದೆವು.

ಅನುಮತಿ ಕೊಡಲು ಒಂದು ಪಾಸ್‌ವರ್ಡ್ ಬೇಕು, ಅದಿದ್ದುದು ಮೇಡಂ ಒಬ್ಬರ ಬಳಿ. ಅವರು ಬಂದರು, ನಿಂತುಕೊಂಡೇ ಟೈಪ್ ಮಾಡಿದರು. ಕೈಗುಣದ ಪುರಾಣ ಹುಟ್ಟಿದ್ದು ಇಷ್ಟರಿಂದ. ಹೊಳೆನರಸೀಪುರವನ್ನು ಮತ್ತೆ ಎಬ್ಬಿಸಿ, ಊರಿನಿಂದ ಆಗಷ್ಟೇ ಬಂದಿಳಿದಿದ್ದ ಜಯಣ್ಣನ ಕೈಯಿಂದಲೇ ಪಿಂಗ್ ಹೊಡೆಸಿದೆವು. ಉತ್ತರ ಬಂತು. ಸಾಲಿನ ಮೇಲೆ ಸಾಲು, ಸಾಲಿನ ಮೇಲೆ ಸಾಲು. ಜಯಣ್ಣ ಮೇಜು ಗುದ್ದಿ, "ಬಂತು ಕಣ್ಲಾ ಅರಕಲಗೂಡು ಬಸ್ಸು!" ಎಂದು ಕೂಗಿದ.

ಇಲ್ಲಿಗೆ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಹಳೆಯ ತಾರ್ಕಿಕರು ಅನ್ವಯ, ವ್ಯತಿರೇಕ ಎನ್ನುತ್ತಾರೆ: ಕಾರಣವಿದ್ದಾಗ ಕಾರ್ಯ ಕಾಣಬೇಕು, ಕಾರಣ ತೆಗೆದಾಗ ಅದೂ ಹೋಗಬೇಕು. ಮೊದಲನೆಯದು ಸಿಕ್ಕಿತ್ತು, ಎರಡನೆಯದು ಬಾಕಿ. ಮೇಡಂ ಪಾಸ್‌ವರ್ಡ್ ಹಾಕಿ ತೆರೆದದ್ದು ಇನ್ನೂ ತೆರೆದೇ ಇತ್ತು; ಕೊಟ್ಟ ಅನುಮತಿಯನ್ನು ನಾನು ವಾಪಸ್ ತೆಗೆದೆ. ಹೊಳೆನರಸೀಪುರ ಮತ್ತೆ ಎದ್ದಿತು, ಅರಕಲಗೂಡು ಮೂಕವಾಯಿತು.

"ಅಯ್ಯೋ ಪಾಪಿ, ಆಗಿರಾದ್ನ ಯಾಕ್ಲಾ ಕೆಡುಸ್ದೆ! ಪ್ರಿನ್ಸಿಪಾಲ್ರು ಮೆಟ್ಲತ್ತಾವರೆ!" ಸ್ವಾಮಿ ನನ್ನ ಕಾಲರಿಗೇ ಕೈ ಹಾಕಿದ. ಮೇಡಂ ಮಾತ್ರ, "ಬಿಡು ಸ್ವಾಮಿ, ಪೂರ್ತಿ ಮಾಡ್ಲಿ" ಎಂದರು. ನನ್ನದೇ ಕೈಯಿಂದ ಅನುಮತಿಯನ್ನು ಮತ್ತೆ ಕೊಟ್ಟೆ. ಗುಣವಿಲ್ಲದ ಕೈ ಎಂದು ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಗಿರುವ ಕೈ ಇದು. ಹೊಳೆನರಸೀಪುರ ಏಳುತ್ತಿದ್ದಂತೆ ಪ್ರಿನ್ಸಿಪಾಲರು ಒಳಗೆ ಬಂದರು. ಅವರ ಕಣ್ಣೆದುರೇ ಅರಕಲಗೂಡು ಕೂಗಿತು, ಹಾಸನ ಓಗೊಟ್ಟಿತು. ಹಿಂದೆಯೇ ಚನ್ನರಾಯಪಟ್ಟಣ. ತಿರುಗಿಸಿ ಹಾಸನದಿಂದ ಎರಡಕ್ಕೂ. ಒಂದು ಉತ್ತರವೂ ತಪ್ಪಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಮೇಜಿನ ಕೆಳಗೆ ಬಗ್ಗಿ ನೋಡಿದರು, ಎಲ್ಲಾದರೂ ಇನ್ನೊಂದು ಪೆಟ್ಟಿಗೆ ಅಡಗಿಸಿದ್ದೇವೆಯೇ ಎಂದು! ಆ ಅನುಮಾನಕ್ಕೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ; ನಮ್ಮ ಪಂಗಡದವರು. ಏನೂ ಸಿಗಲಿಲ್ಲ. "ಲ್ಯಾಬ್ ಶುರು ಮಾಡಿ, ಮೇಡಂ" ಎಂದರು.

ಹೊರಡುತ್ತ ಬಾಗಿಲಲ್ಲಿ ನಿಂತು, ನನ್ನ ಬೆನ್ನು ತಟ್ಟಿದರು. "ನೆನ್ನೆ ಸಂಜೆ ಮನೆಗೆ ಹೋಗೋ ಮುಂಚೆ ನಿಮ್ಮ ಮೇಡಂ ನನ್ನ ರೂಮಿಗೆ ಬಂದು 'ಆಗಿದೆ ಸಾರ್, ನಾಳೆ ಬನ್ನಿ' ಅಂದಾಗ ನಾನು ನಂಬಿರ್ಲಿಲ್ಲ ಕಣಯ್ಯಾ."

ಸ್ವಾಮಿ, ಜಯಣ್ಣ ಕಾಫಿಗೆಂದು ಕ್ಯಾಂಟೀನಿನ ಕಡೆ ಓಡಿದರು. ನಾನು ಅಲ್ಲೇ ನಿಂತೆ. ಮೇಡಂ ಬೋರ್ಡಿನ ಮೇಲಿದ್ದ ನಮ್ಮ ನಂಬರುಗಳನ್ನು ಒರೆಸುತ್ತಿದ್ದರು. ವರ್ಷಗಟ್ಟಲೆ ಎದುರಾಳಿಗಳನ್ನು ಕೇಳಿ ಕೇಳಿ ಹರಿತವಾದ ಪ್ರಶ್ನೆ ನನ್ನ ಬಾಯಲ್ಲಿ ಅಂದು ಯಾಕೋ ಮೆಲ್ಲಗೆ ಬಂತು.

"ಮೇಡಂ, ನೆನ್ನೆ ಸಂಜೆ ಒಂದು ಉತ್ತರವೂ ಬಂದಿರ್ಲಿಲ್ಲ. ನೀವೇ ಪರದೆ ನೋಡಿದ್ರಿ. ಏನನ್ನ ನಂಬಿಕೊಂಡು 'ಆಗಿದೆ' ಅಂದ್ರಿ?"