ಯಾದವನ ಕೇಳುವ ಕಂಬ

ಯಾದವ ಕರ್ಕೇರನ ಅಂಗಡಿ ಬಂದರಿನ ದಕ್ಕೆಯ ಎದುರು, ಮಂಜುಗಡ್ಡೆ ಕಾರ್ಖಾನೆಯ ಪಕ್ಕದ ಸಂದಿಯಲ್ಲಿತ್ತು. ಟ್ರಾಲ್ ಬೋಟುಗಳ ವಯರ್‌ಲೆಸ್ ಸೆಟ್ ರಿಪೇರಿ ಅವನ ಕಸುಬು. ಮೇಜಿನ ಮೂಲೆಯಲ್ಲಿ ಅವನದೇ ಒಂದು ಸೆಟ್ ದಿನವಿಡೀ ಗೊರಗುಟ್ಟುತ್ತಿತ್ತು. ಗಾಳಿ ಎದ್ದ ದಿನ ಹೊಳೆಯಾಚೆಯ ಬೆಂಗ್ರೆಯ ಹೆಂಗಸರು ಮೀನಿನ ಬುಟ್ಟಿ ಹೊರಗಿಟ್ಟು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: “ಯಾದವಣ್ಣ, ನಮ್ಮ ಬೋಟು ಮಾತಾಡಿತಾ?” ಮಾತಾಡಿದ್ದರೆ ಹೇಳುತ್ತಿದ್ದ. ಇಲ್ಲದಿದ್ದರೆ ಸಮಾಧಾನಕ್ಕೆಂದು ಸುಳ್ಳು ಹೇಳುತ್ತಿರಲಿಲ್ಲ. ಸ್ಟೂಲ್ ಎಳೆದು ಕೊಟ್ಟು ತಾನೂ ಜೊತೆಗೆ ಕಾಯುತ್ತಿದ್ದ. ಹೋದ ಜನವರಿಯಲ್ಲಿ ಎದೆನೋವು ಬಂದು, ಆಸ್ಪತ್ರೆ ತಲುಪುವ ಮೊದಲೇ ಅವನು ತೀರಿಕೊಂಡಾಗ ಬಂದರಿನವರು ಮೊದಲು ನೆನೆದದ್ದು ಆ ಸ್ಟೂಲನ್ನು.

ಹಕ್ಕಿಯ ಕೆಲಸ ಅವನ ಬದುಕಿಗೆ ಬಂದದ್ದು ಅದಕ್ಕೂ ಹಿಂದಿನ ಮಾರ್ಚ್‌ನಲ್ಲಿ. ಹಕ್ಕಿಗಳ ಸಂಶೋಧನೆ ಮಾಡುವ ಸಂಚಿತಾ ಬೆಂಗ್ರೆಯ ಮರಳಿನಲ್ಲಿ ಬಲೆ ಕಟ್ಟಿ ಪ್ಲವರ್ ಎಂಬ ಪುಟ್ಟ ದಡದ ಹಕ್ಕಿಗಳನ್ನು ಹಿಡಿದಿದ್ದಳು. ಆಂಟೆನಾದ ಬಗ್ಗೆ ಕೇಳಲು ಯಾದವನನ್ನೂ ಕರೆಸಿದ್ದಳು. ಅವಳು ಒಂದು ಹಕ್ಕಿಯ ಬೆನ್ನಿಗೆ ರೇಡಿಯೋ ಸಂಕೇತ ಮಿಡಿಯುವ ಪುಟ್ಟ ಟ್ಯಾಗ್ ಕೂರಿಸುವಾಗ ಅದನ್ನು ಅವನು ಅಂಗೈಯಲ್ಲಿ ಹಿಡಿದುಕೊಂಡ. ಒಂದು ಬಂಗುಡೆ ಮೀನಿನಷ್ಟೂ ತೂಕವಿರಲಿಲ್ಲ. ಎದೆ ಮಾತ್ರ ಮೋಟಾರಿನ ಹಾಗೆ ಹೊಡೆದುಕೊಳ್ಳುತ್ತಿತ್ತು.

“ಇದು ಎಲ್ಲಿಗೆ ಹೋಗ್ತದೆ?”

“ಹಿಮಾಲಯ ದಾಟಿ ಆಚೆ. ಅಲ್ಲಿ ಮರಿ ಮಾಡಿ ಮಳೆಗಾಲದ ಕೊನೆಗೆ ವಾಪಸ್.”

“ಇಲ್ಲಿಗೇ?”

“ಇಲ್ಲಿಗೇ ಬರ್ತದೆ ಅಂತ ನಾನು ಹೇಳ್ತೇನೆ. ಪ್ರೂಫ್ ಇಲ್ಲ ಯಾದವಣ್ಣ. ಇದರ ಟ್ಯಾಗ್ ಮಾತಾಡಿದ್ರೆ ಕೇಳ್ಲಿಕ್ಕೆ ಇಲ್ಲಿ ಒಂದು ಸೆಟ್ ಬೇಕು. ಟ್ಯಾಗಿನ ಬ್ಯಾಟರಿ ಅಕ್ಟೋಬರ್ ದಾಟುದಿಲ್ಲ.”

ಯಾದವ ಬೆರಳು ಬಿಡಿಸಿದ. ಹಕ್ಕಿ ಒಂದು ಕ್ಷಣ ಅಂಗೈಯಲ್ಲೇ ಕೂತಿದ್ದು, ಆಮೇಲೆ ನೀರಿನಂಚಿಗೆ ಓಡಿತು. “ಸೆಟ್ ನಾನು ಹಾಕಿ ಕೊಡ್ತೇನೆ,” ಎಂದ.

ಜೂನ್, ಜುಲೈ ಬೋಟುಗಳಿಗೆ ಮಳೆಗಾಲದ ರಜೆ. ಅವನಿಗೂ ಬಿಡುವು. ದಕ್ಕೆಯ ಹಿಂದಿನ ಒಣಮೀನಿನ ಗೋದಾಮು ಅವನ ಹಳೆಯ ದೋಸ್ತಿ ಜಾಬಿರ್‌ನದು. ಅದರ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ಆಂಟೆನಾ, ನಡುವೆ ಸೋಲಾರ್ ಪ್ಯಾನಲ್, ಕೆಳಗಿನ ಪೆಟ್ಟಿಗೆಯಲ್ಲಿ ಬ್ಯಾಟರಿ ಮತ್ತು ರಿಸೀವರ್ ಕೂರಿಸಿದ. ಉಪ್ಪುಗಾಳಿ ಒಳಗೆ ಹೋಗದಂತೆ ಪ್ರತಿ ಕೀಲಿಗೂ ಗ್ರೀಸ್ ಮೆತ್ತಿದ. ಮೀನಿನ ಆಸೆಗೆ ಸುತ್ತುವ ಹದ್ದುಗಳು ಆಂಟೆನಾದ ಮೇಲೆಯೇ ಬಂದು ಕೂತು ಅದನ್ನು ಬಗ್ಗಿಸತೊಡಗಿದಾಗ, ಪಕ್ಕದಲ್ಲಿ ಅವಕ್ಕೆಂದೇ ಒಂದು ಬಿದಿರು ನೆಟ್ಟ. “ಹಕ್ಕಿಗಾಗಿ ಕಂಬ, ಕಂಬಕ್ಕಾಗಿ ಬಿದಿರು. ಇನ್ನು ಬಿದಿರಿಗಾಗಿ ಎಂತ ನೆಡ್ತಿ ಮಾರಾಯ?” ಎಂದು ಜಾಬಿರ್ ನಕ್ಕ. ಪರೀಕ್ಷೆಯ ಟ್ಯಾಗನ್ನು ಶರ್ಟಿನ ಕಿಸೆಯಲ್ಲಿಟ್ಟುಕೊಂಡು ಯಾದವ ದೋಣಿಯಲ್ಲಿ ಹೊಳೆ ದಾಟಿ, ಬೆಂಗ್ರೆಯ ತುದಿಯವರೆಗೆ ನಡೆದ. ಒಂದು ಮಿಡಿತವೂ ತಪ್ಪದೆ ರಿಸೀವರ್ ಕೇಳಿಸಿಕೊಂಡಿತು. ಸಂಚಿತಾ ಅಂದು ಎಲ್ಲರಿಗೂ ಗೋಳಿಬಜೆ ಕೊಡಿಸಿದಳು.

ಆಗಸ್ಟ್ ಬಂತು. ರಜೆ ಮುಗಿದ ಬೋಟುಗಳು ಪೂಜೆ ಮಾಡಿಸಿಕೊಂಡು ಅಳಿವೆ ದಾಟಿದವು. ಮಾರನೆಯ ಬೆಳಿಗ್ಗೆ ಸಂಚಿತಾಳ ಫೋನ್.

“ಯಾದವಣ್ಣ, ರಿಸೀವರಿಗೆ ಎಂತ ಆಯ್ತು? ಬರೀ ಗದ್ದಲ. ಇದರಲ್ಲಿ ಹಕ್ಕಿ ಬಂದ್ರೂ ಗೊತ್ತಾಗ್ಲಿಕ್ಕಿಲ್ಲ.”

ಫೋನ್ ಕಿವಿಯಲ್ಲಿಟ್ಟುಕೊಂಡೇ ಅವನು ಹೊರಗೆ ನೋಡಿದ. ದಕ್ಕೆಯ ಉದ್ದಕ್ಕೂ ಮೊದಲ ಮೀನು ಹೊತ್ತು ಮರಳಿದ ಬೋಟುಗಳು. ಒಂದೊಂದರ ತಲೆಯ ಮೇಲೂ ಆಂಟೆನಾ, ಅಷ್ಟೇ ಗದ್ದಲ ಎಬ್ಬಿಸುವ ಸಾಲುಸಾಲು ಎಲ್‌ಇಡಿ ದೀಪ. ಬೋಟುಗಳ ಸೆಟ್‌ಗಳಲ್ಲಿ ಅರ್ಧಕ್ಕರ್ಧವನ್ನು ಜುಲೈಯಲ್ಲಿ ಅವನೇ ರಿಪೇರಿ ಮಾಡಿ ಕಪಾಟಿನಲ್ಲಿ ಜೋಡಿಸಿಟ್ಟಿದ್ದ. ಈಗ ಅವೆಲ್ಲ ಒಟ್ಟಿಗೆ ಬಾಯಿ ತೆರೆದಿದ್ದವು.

ಸುದ್ದಿ ಕೇಳಿ ಜಾಬಿರ್ ಗೋದಾಮಿನ ಮೆಟ್ಟಿಲಲ್ಲೇ ಕೂತುಬಿಟ್ಟ. “ಬೋಟಿನಿಂದಲೇ ಗಂಜಿ ಕುಡಿದವನಿಗೆ ಬೋಟು ಉಂಟು ಅಂತಲೇ ಮರೆತುಹೋಯ್ತಾ?”

“ರಜೆಯಲ್ಲಿ ಬೋಟೆಲ್ಲ ಬಾಯಿ ಮುಚ್ಚಿದ್ವು, ನಾನೂ ಕಿವುಡಾಗಿದ್ದೆ ಮಾರಾಯ,” ಎಂದ ಯಾದವ. ಅವನಿಗೆ ನಗು ಬರಲಿಲ್ಲ.

ಗದ್ದಲ ತಡೆಯುವ ಫಿಲ್ಟರ್ ತರಿಸಿ ಹಾಕಿದರು. ಸ್ವಲ್ಪ ತಗ್ಗಿತು, ಸಾಲಲಿಲ್ಲ. ಸಂಚಿತಾಳ ಮುಖ ಸಣ್ಣದಾಗಿತ್ತು. “ಬಿಡಿ ಯಾದವಣ್ಣ. ಮುಂದಿನ ವರ್ಷ ಹೊಸ ಟ್ಯಾಗ್ ಹಾಕುವ. ನಿಧಾನಕ್ಕೆ ಬೇರೆ ಜಾಗ ನೋಡುವ.”

“ಅದು ಹೊರಟಾಗಿದೆ, ತಂಗಿ.”

“ಯಾವುದು?”

“ನನ್ನ ಕೈಯಲ್ಲಿದ್ದದ್ದು. ಈಗ ದಾರಿಯಲ್ಲಿ ಉಂಟು. ಹೊರಟವರಿಗೆ ಮುಂದಿನ ವರ್ಷ ಬನ್ನಿ ಅಂತ ಹೇಳ್ಲಿಕ್ಕೆ ಆಗ್ತದಾ?”

ಮರುದಿನದಿಂದ ಮಧ್ಯಾಹ್ನ ಅಂಗಡಿ ಮುಚ್ಚಿ, ಕೈಯಲ್ಲಿ ಹಿಡಿಯುವ ಸಣ್ಣ ರಿಸೀವರ್ ಚೀಲಕ್ಕೆ ಹಾಕಿ ಯಾದವ ಹೊಳೆಯ ದಂಡೆ ಹಿಡಿದ. ಬೊಕ್ಕಪಟ್ಣದಲ್ಲಿ ಗದ್ದಲ. ಸುಲ್ತಾನ್ ಬತ್ತೇರಿಯಲ್ಲಿ ಗದ್ದಲ. ಮೇಲಕ್ಕೆ ಹೋದಂತೆ ತಗ್ಗುತ್ತ ಬಂದು, ಕೂಳೂರು ಸೇತುವೆಯ ಕೆಳಗಿನ ತಿರುವಿನಲ್ಲಿ ನಿಂತೇಹೋಯಿತು. ಬೋಟುಗಳು ಅಷ್ಟು ಒಳಗೆ ಬರುವುದಿಲ್ಲ. ಸಮುದ್ರದ ಇಳಿತದಲ್ಲಿ ಅಲ್ಲಿ ಕೆಸರು ತೆರೆದುಕೊಳ್ಳುತ್ತಿತ್ತು. ಕೆಸರಿನ ಮೇಲೆ ಹಕ್ಕಿಗಳ ಕಾಲ್ಗುರುತಿತ್ತು. ದಂಡೆಯಲ್ಲಿ ಒಂದೇ ತಾರಸಿ ಮನೆ. ಮನೆಯೊಡತಿ ರತ್ನಾವತಿ ಶೆಡ್ತಿ ಗೇಟಿನ ಆಚೆಯಿಂದಲೇ ಕೈ ಆಡಿಸಿದರು.

“ಟವರಾ? ಬೇಡಪ್ಪ. ನೆರೆಕರೆಯವರು ರೋಗ ಬರ್ತದೆ ಅಂತ ಗಲಾಟೆ ಮಾಡ್ತಾರೆ.”

“ಅಕ್ಕೆ, ಟವರ್ ಅಂದ್ರೆ ಬಾಯಿ. ಇದು ಕಿವಿ ಮಾತ್ರ. ಎಂತದೂ ಹೊರಗೆ ಬಿಡುದಿಲ್ಲ, ಸುಮ್ಮನೆ ಕೇಳ್ತದೆ. ಸುದ್ದಿ ಕಳಿಸ್ಲಿಕ್ಕೆ ಒಳಗೆ ನಿಮ್ಮ ಮೊಬೈಲಿನಂಥದ್ದೇ ಒಂದು ಸಿಮ್, ಅಷ್ಟೇ.”

ರತ್ನಾವತಿ ಅವನನ್ನು ಒಮ್ಮೆ, ಒಳಗೆ ಟಿವಿಯ ಮುಂದೆ ಕೂತ ಗಂಡನನ್ನು ಒಮ್ಮೆ ನೋಡಿದರು. “ಹೇಳಿದ್ದನ್ನು ಸುಮ್ಮನೆ ಕೇಳುವವರು ಈ ಮನೆಯಲ್ಲಿ ಒಬ್ಬರೂ ಇಲ್ಲ. ಇದಾದ್ರೂ ಇರ್ಲಿ. ಹಾಕಿ.”

ಸುರಿಯುವ ಮಳೆಯಲ್ಲೇ ಗೋದಾಮಿನ ತಾರಸಿಯಿಂದ ಕಂಬ ಇಳಿಯಿತು. ಜಾಬಿರ್‌ನ ಪಿಕಪ್ಪಿನಲ್ಲಿ ಒಣಮೀನಿನ ವಾಸನೆಯೊಡನೆ ಕೂಳೂರಿಗೆ ಬಂತು. ನಿಲ್ಲಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಮಧ್ಯಾಹ್ನದ ನಂತರ ತೆಂಗಿನ ಗರಿಯ ನೆರಳು ಪ್ಯಾನಲ್ ಮೇಲೆ ಬಿದ್ದು, ಮೋಡದ ದಿನಗಳಲ್ಲಿ ಬ್ಯಾಟರಿ ಬೆಳಗಾಗುವ ಮೊದಲೇ ಸಾಯುತ್ತಿತ್ತು. ಯಾದವ ಕಂಬ ಬಿಚ್ಚಿ, ಇನ್ನೊಂದು ತುಂಡು ಬೆಸೆದು, ಪ್ಯಾನಲನ್ನು ನೆರಳಿನಿಂದ ಮೇಲೆತ್ತಿದ. ಆ ವಾರ ಮೆಟ್ಟಿಲು ಹತ್ತುವಾಗ ಅವನು ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಿತ್ತು.

ಕೊನೆಯ ಪರೀಕ್ಷೆಗೆ ಅವನೇ ಲುಂಗಿ ಎತ್ತಿಕಟ್ಟಿ, ಟ್ಯಾಗ್ ಹಿಡಿದು ಕೆಸರಿಗೆ ಇಳಿದ. ಮೊಣಕಾಲವರೆಗೆ ಹೂತು, ಹಕ್ಕಿಯಷ್ಟೇ ತಗ್ಗಿನಲ್ಲಿರಲೆಂದು ಬಗ್ಗಿ ಟ್ಯಾಗನ್ನು ನೆಲದ ಹತ್ತಿರ ಹಿಡಿದ. ತಾರಸಿಯಿಂದ ಸಂಚಿತಾ ಕೂಗಿದಳು: “ಕೇಳ್ತಾ ಉಂಟು! ಯಾದವಣ್ಣ, ಇನ್ನೂ ಮುಂದೆ ಹೋಗಿ!” ಅವನು ಇನ್ನೂ ಮುಂದೆ ಹೋದ.

ಆಮೇಲೆ ಕಾಯುವುದು. ಅದು ಅವನಿಗೆ ಗೊತ್ತಿದ್ದ ಕೆಲಸ. ಸೆಪ್ಟೆಂಬರಿನಲ್ಲಿ ಕೆಸರಿಗೆ ಪ್ಲವರ್‌ಗಳು ಇಳಿಯತೊಡಗಿದವು. ಯಾವುದರ ಬೆನ್ನಲ್ಲೂ ಟ್ಯಾಗಿಲ್ಲ. ವಾರಕ್ಕೊಮ್ಮೆ ಹೋಗಿ ಪ್ಯಾನಲಿನ ಮೇಲಿನ ಹಿಕ್ಕೆ ತೊಳೆದು ಬರುತ್ತಿದ್ದ. ಹೆಂಡತಿ ಶರ್ಮಿಳಾ ದಿನಾ ಊಟಕ್ಕೆ ಬಡಿಸುತ್ತ ಕೇಳುತ್ತಿದ್ದಳು, “ಮಾತಾಡಿತಾ?” “ಇಲ್ಲ,” ಎನ್ನುತ್ತಿದ್ದ. ಅವಳು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.

ತಿಂಗಳ ಕೊನೆಗೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಅವನು ಒಂದು ಸೆಟ್ಟಿನ ತಂತಿ ಬೆಸೆಯುತ್ತಿದ್ದಾಗ ಸಂಚಿತಾಳ ಫೋನ್ ಬಂತು.

“ಮಾತಾಡಿತು ಯಾದವಣ್ಣ. ಬೆಳಿಗ್ಗೆ, ಇಳಿತದಲ್ಲಿ. ನಿಮ್ಮದೇ.”

ಯಾದವ ಬೆಸುಗೆಯ ಕಡ್ಡಿ ಕೆಳಗಿಟ್ಟ. ಸ್ಟೂಲಿನಲ್ಲಿ ಬೆಂಗ್ರೆಯ ಅಮ್ಮಣ್ಣಿ ಕೂತಿದ್ದಳು, ಮಗನ ಬೋಟಿನ ಸುದ್ದಿಗೆ ಕಾಯುತ್ತ. ಅವನ ಮುಖ ನೋಡಿ ಅವಳು ಎದ್ದುನಿಂತಳು. “ನಮ್ಮದಾ?”

“ನಿಮ್ಮದಲ್ಲ ಅಮ್ಮ, ಕೂತ್ಕೊಳ್ಳಿ. ಇದು ಬೇರೆ,” ಎಂದ. ಕೂಳೂರಿಗೆ ಓಡಬೇಕೆಂದು ಅವನ ಕಾಲು ತವಕಿಸುತ್ತಿತ್ತು. ಆದರೂ ಅಮ್ಮಣ್ಣಿಯ ಬೋಟು ಮಾತಾಡುವವರೆಗೆ ಅಂಗಡಿ ಬಿಡಲಿಲ್ಲ.

ಯಾದವ ತೀರಿಹೋದ ಮೇಲೆ ಪ್ಯಾನಲ್ ತೊಳೆಯುವ ಕೆಲಸ ಜಾಬಿರ್‌ನದು. ಏಣಿ ಎಂದರೆ ಅವನಿಗೆ ಹೆದರಿಕೆ. ರತ್ನಾವತಿ ಕೆಳಗೆ ಏಣಿ ಹಿಡಿದುಕೊಂಡು ಬೈಯುತ್ತಿರುತ್ತಾರೆ, ಅವನು ಕಣ್ಣು ಮುಚ್ಚಿಕೊಂಡೇ ಹತ್ತುತ್ತಾನೆ. ಈ ಮಾರ್ಚ್‌ನಲ್ಲಿ ಸಂಚಿತಾ ಇನ್ನಷ್ಟು ಹಕ್ಕಿಗಳಿಗೆ ಟ್ಯಾಗ್ ಹಾಕಿದ್ದಾಳೆ. ಅವು ಹೊರಟಾಗಿದೆ. ಮಳೆಗೆ ಮೊದಲು ಕಂಬದ ಕೀಲುಗಳಿಗೆ ಗ್ರೀಸ್ ಮೆತ್ತಬೇಕು.