ಖಾಯಂ ವಿಳಾಸ, ಹಾಲಿ ವಿಳಾಸ

ಡಬ್ಲ್ಯೂ-ಟು ಎಂಬ ವಾರ್ಷಿಕ ಸಂಬಳಪತ್ರವನ್ನು ಈ ಫೆಬ್ರವರಿಯಲ್ಲಿ ಎಷ್ಟು ಬಾರಿ ಓದಿದೆನೋ ನೆನಪಿಲ್ಲ. ರಾಜ್ಯ ಎಂಬ ಚೌಕದಲ್ಲಿ ಒರೆಗಾನ್ ಎಂದು ನಮೂದಾಗಿತ್ತು. ಕ್ಯಾಲಿಫೋರ್ನಿಯಾದ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ನನ್ನ ಗಂಡ, ಮಗಳು, ನನ್ನ ಕಾರು, ಹಲ್ಲಿನ ವೈದ್ಯರು ಎಲ್ಲರೂ ಎಲ್ಲವೂ ಇದ್ದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿ.

ಹಿಂದಿನ ವರ್ಷ ನನಗೆ ಒರೆಗಾನ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ದೊರೆತಿತ್ತು. ಸೋಮವಾರ ಬೆಳಿಗ್ಗೆ ಓಕ್‌ಲ್ಯಾಂಡಿನಿಂದ ವಿಮಾನ, ಗುರುವಾರ ಸಂಜೆ ವಾಪಸು, ಶುಕ್ರವಾರ ಮನೆಯಿಂದಲೇ ಕೆಲಸ. ಅಲ್ಲಿ ತಂಗಲು ಒಂದು ಬಾಡಿಗೆ ಕೋಣೆ. ಇಲ್ಲಿ ರಾಜ್ಯಗಳೂ ಬೇರೆ ಬೇರೆಯಾಗಿ ಆದಾಯ ತೆರಿಗೆ ಕೇಳುತ್ತವೆ; ವರ್ಷ ಕಳೆದ ಮೇಲೆ ಯಾವ ರಾಜ್ಯಕ್ಕೆ ಏನು ತಿಳಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ತಿಳಿಸಲೇಬೇಕಿತ್ತು. ಏಕೆಂದರೆ ಈ ಬೇಸಿಗೆಯಲ್ಲಿ ನಾನು ಅಮೆರಿಕದ ಪೌರತ್ವಕ್ಕೆ ಅರ್ಜಿ ಸಲ್ಲಿಸುವವಳಿದ್ದೆ. ಅರ್ಜಿಯಲ್ಲಿ ತೆರಿಗೆಯ ಕುರಿತ ಪ್ರಶ್ನೆಗಳಿದ್ದವು. ತಪ್ಪು ತೆರಿಗೆ ರಿಟರ್ನಿನ ಕೆಳಗೆ ಸಹಿ ಮಾಡಿದರೆ ನಾನು ಸುಳ್ಳು ಹೇಳಿದವಳಾಗುತ್ತೇನೆ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ ಎಂಬ ಭಯ ನನ್ನನ್ನು ಬಿಡದೆ ಹಿಡಿದಿತ್ತು.

ನನ್ನ ಗಂಡ ಬೆಂಗಳೂರಿನವರು. ಅವರಿಗೆ ಭಯಗಳು ಕಡಿಮೆ.

“ಏನೇ, ಟ್ಯಾಕ್ಸ್ ಸಾಫ್ಟ್‌ವೇರೇ ಎಲ್ಲಾ ಕೇಳತ್ತೆ, ನೀನು ಕ್ಲಿಕ್ ಮಾಡ್ತಾ ಹೋಗು. ಒರೆಗಾನ್‌ಗೆ ಕಟ್ಟಿರೋದನ್ನ ಕ್ಯಾಲಿಫೋರ್ನಿಯಾ ತನ್ನ ಟ್ಯಾಕ್ಸಲ್ಲಿ ಕಳೆದುಕೊಡತ್ತೆ. ಎಲ್ಲಾ ಸ್ಟೇಟಿಗೂ ಅದೇ ರೂಲು.”

“ಹಾಗಂತ ಯಾರು ಹೇಳಿದ್ರು ರೀ?”

“ಆಫೀಸಲ್ಲಿ ಎಲ್ಲರೂ ಹೇಳ್ತಾರೆ.”

ನಾನು ಕ್ಲಿಕ್ ಮಾಡುತ್ತ ಹೋದೆ. ‘ನೀವು ಒರೆಗಾನ್‌ನ ನಿವಾಸಿಯೇ?’ ಎಂಬ ಪ್ರಶ್ನೆ ಬಂತು. ಹೌದು ಎಂದರೆ ಒಂದು ಮೊತ್ತ, ಅಲ್ಲ ಎಂದರೆ ಇನ್ನೊಂದು. ಎರಡೂ ಉತ್ತರಗಳನ್ನು ಅದು ಸಮಾನ ಗೌರವದಿಂದ ಸ್ವೀಕರಿಸುತ್ತಿತ್ತು. ತಪ್ಪಾದಾಗ ಗದರಿಸುವ ಯಂತ್ರವಾಗಿದ್ದರೆ ನನಗೆ ಧೈರ್ಯವಿರುತ್ತಿತ್ತು.

ಕೊನೆಗೆ ಲಿವರ್‌ಮೋರ್‌ನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಯಾರೋ ಹೇಳಿದ್ದರಿಂದ, ತೆರಿಗೆ ಲೆಕ್ಕ ಮಾಡಿಕೊಡುವ ಧಾರವಾಡದ ಹಿರಿಯ ಮಹಿಳೆಯೊಬ್ಬರ ಆಫೀಸಿಗೆ ಹೋದೆ. ನಾನು ಗದಗಿನವಳೆಂದು ತಿಳಿದೊಡನೆ ಅವರು ಇಂಗ್ಲಿಷನ್ನು ಕೆಳಗಿಟ್ಟರು.

“ಕೂಡು ತಂಗಿ. ಹೆದರಬ್ಯಾಡ, ನಾ ಏನ್ ಪೊಲೀಸಾಕಿ ಅಲ್ಲ.” ಸಂಬಳಪತ್ರವನ್ನು ಕನ್ನಡಕದ ಕೆಳಗಿನಿಂದ ನೋಡಿದರು. “ಇದರಾಗ ನಿನ್ನ ಮನಿ ವಿಳಾಸ ಒರೆಗಾನ್‌ದ್ದು ಐತಲ್ಲ. ಯಾರ್ ಕೊಟ್ರು?”

“ನಾನ ಕೊಟ್ಟೀನ್ರಿ, ಅಕ್ಕಾರ.”

“ಯಾಕ?”

ಅದನ್ನು ವಿವರಿಸುವುದು ಕಷ್ಟವಾಯಿತು. ನಮ್ಮ ತಂದೆ ಗದಗಿನ ಮುದ್ರಣಾಲಯವೊಂದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ನಾವು ಬಾಡಿಗೆ ಮನೆಗಳಲ್ಲಿ ಬೆಳೆದವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲಾದ್ದರಿಂದ ಅರ್ಜಿಗಳನ್ನು ತುಂಬುವವಳೂ ನಾನೇ. ಪ್ರತಿ ಅರ್ಜಿಯಲ್ಲಿಯೂ ಎರಡು ಚೌಕ: ಹಾಲಿ ವಿಳಾಸ, ಖಾಯಂ ವಿಳಾಸ. ಮೊದಲ ಬಾರಿ ಎರಡರಲ್ಲಿಯೂ ಒಂದನ್ನೇ ಬರೆದಾಗ ಹೈಸ್ಕೂಲಿನ ಗುಮಾಸ್ತರು, “ಬಾಡಗಿ ಮನಿ ಖಾಯಂ ಹೆಂಗಾಗ್ತದವಾ?” ಎಂದು ಹೊಡೆದುಹಾಕಿದ್ದರು. ಅಂದಿನಿಂದ ಖಾಯಂ ಚೌಕದಲ್ಲಿ ದೊಡ್ಡಪ್ಪನ ಹಳ್ಳಿಯ ಮನೆ ಬಂತು. ಆ ಮನೆಗೆ ನಾನು ಎರಡು ಬಾರಿ ಹೋಗಿದ್ದೇನೆ. ನನ್ನ ಪ್ರಮಾಣಪತ್ರಗಳ ಪ್ರಕಾರ ನಾನು ಅಲ್ಲಿಯವಳು.

ಒರೆಗಾನ್‌ನ ಕಾರ್ಖಾನೆಯಲ್ಲಿ ಮೊದಲ ದಿನ ಕೊಟ್ಟ ಫಾರ್ಮಿನಲ್ಲಿ ಇದ್ದದ್ದು ಒಂದೇ ಚೌಕ. ಮನೆಯ ವಿಳಾಸ. ನಾನು ಬಹಳ ಹೊತ್ತು ಯೋಚಿಸಿದೆ. ಸ್ಯಾನ್ ರಮೋನಿನದು ಬಾಡಿಗೆ ಅಪಾರ್ಟ್‌ಮೆಂಟು, ಆದ್ದರಿಂದ ಖಾಯಂ ಅಲ್ಲ. ಹಾಲಿ ಎಂದರೆ ಈಗ ಇರುವ ಕಡೆ, ಮತ್ತು ಆಗ ನಾನು ಒರೆಗಾನ್‌ನಲ್ಲಿ ಕುಳಿತಿದ್ದೆ. ಪ್ರಾಮಾಣಿಕವಾಗಿಯೇ ಬಾಡಿಗೆ ಕೋಣೆಯ ವಿಳಾಸವನ್ನು ಬರೆದೆ.

ಇದನ್ನೆಲ್ಲ ಕೇಳಿದ ಅಕ್ಕ ಮೇಜು ಬಡಿದು ನಕ್ಕರು. “ಬಾಡಗಿ ಮನಿ ಮನಿ ಅಲ್ಲ ಅಂದ್ರ ನಮ್ಮ ಈ ಬೇ ಏರಿಯಾದಾಗ ಅರ್ಧ ಮಂದಿಗೆ ಮನಿನ ಇಲ್ಲ ಬಿಡು! ಹೇಳು, ಒಗ್ಗರಣಿ ಡಬ್ಬಿ ಎಲ್ಲೈತಿ?”

“ಸ್ಯಾನ್ ರಮೋನಿನ್ಯಾಗ.”

“ಮಗಳ ಸಾಲಿ?”

“ಅಲ್ಲೇ.”

“ಮುಗೀತಲ್ಲ. ನೀ ಕ್ಯಾಲಿಫೋರ್ನಿಯಾದಾಕಿ. ಇವರಿಗೆ ಎಲ್ಲಾ ಗಳಿಕಿ ತೋರಿಸು. ಒರೆಗಾನ್‌ಗೆ ಅಲ್ಲಿ ಕೂತು ದುಡಿದ ದಿನದ್ದು ಮಾತ್ರ. ಮನಿಯಿಂದ ಮಾಡಿದ ಶುಕ್ರವಾರ ಅವರದಲ್ಲ.”

ಕ್ಯಾಲಿಫೋರ್ನಿಯಾ ಕಳೆದುಕೊಡುತ್ತದೆ ಎಂಬ ಗಂಡನ ಮಾತನ್ನು ಹೇಳಿದೆ. ಅವರು ಗೋಣು ಅಲ್ಲಾಡಿಸಿದರು. “ಭಾಳ ರಾಜ್ಯಕ್ಕ ಅದು ಖರೆ. ಒರೆಗಾನ್‌ದು ಉಲ್ಟಾ. ಎರಡೂ ಕಡೆ ತೆರಿಗಿ ಬೀಳೋ ಗಳಿಕಿಗೆ ಇಲ್ಲಿಯವ್ರು ಕಳಿಯೂದಿಲ್ಲ, ಅಲ್ಲಿಯವ್ರು ಕಳೀತಾರ. ನಿಮ್ಮ ಯಜಮಾನ್ರಿಗೆ ಹೇಳು, ಎಲ್ಲಾರೂ ಅಂದಿದ್ದು ಕಾಯ್ದೆ ಅಲ್ಲ.”

ಅವರ ಮುಂದೆ ಕುಳಿತಿದ್ದಾಗ ಎಲ್ಲವೂ ಅರ್ಥವಾಗಿತ್ತು. ಫ್ರೀವೇಯಲ್ಲಿ ಎರಡು ಎಕ್ಸಿಟ್ ದಾಟುವಷ್ಟರಲ್ಲಿ, ಯಾರು ಕಳೆಯುತ್ತಾರೆ, ಯಾರು ಕಳೆಯುವುದಿಲ್ಲ ಎಂಬುದು ಮತ್ತೆ ಅದಲುಬದಲಾಯಿತು.

ಒರೆಗಾನ್‌ನಲ್ಲಿ ದುಡಿದ ದಿನಗಳನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ವಿಮಾನದ ಟಿಕೆಟುಗಳಿದ್ದವು. ಜೊತೆಗೆ ಫ್ರಿಜ್ಜಿನ ಮೇಲೆ ಮಗಳ ಕ್ಯಾಲೆಂಡರ್ ಇತ್ತು: ಅಮ್ಮ ಇಲ್ಲದ ದಿನಕ್ಕೆಲ್ಲ ಒಂದು ಕೆಂಪು ಸ್ಟಿಕ್ಕರು. ಎರಡನ್ನೂ ತಾಳೆ ನೋಡಿದರೆ ಅವಳದರಲ್ಲಿ ಎರಡು ದಿನ ಹೆಚ್ಚು. ಎರಡೂ ಶುಕ್ರವಾರಗಳು.

“ಈ ದಿನ ನಾನು ಇಲ್ಲೇ ಇದ್ದೆನಲ್ಲ, ಪುಟ್ಟಿ?”

“ಯು ವರ್ ಇನ್ ಮೀಟಿಂಗ್ಸ್, ಅಮ್ಮಾ. ಆಲ್ ಡೇ,” ಎಂದಳು. ಸ್ಟಿಕ್ಕರು ತೆಗೆಯಲು ಒಪ್ಪಲಿಲ್ಲ. ನಾನು ಟಿಕೆಟುಗಳ ಲೆಕ್ಕವನ್ನೇ ಬರೆದುಕೊಂಡೆ. ತೆರಿಗೆಗೆ ಅದೇ ಸರಿ ಎಂದು ನಂಬಿದ್ದೇನೆ.

ಆಮೇಲೆ ಕಾರ್ಖಾನೆಯ ಸಂಬಳ ವಿಭಾಗಕ್ಕೆ, ನಾನು ಕೊಟ್ಟ ವಿಳಾಸ ತಪ್ಪಾಗಿತ್ತು, ದಯವಿಟ್ಟು ತಿದ್ದಿದ ಸಂಬಳಪತ್ರ ಕಳುಹಿಸಬೇಕು ಎಂದು ಬರೆದೆ. ನಾಲ್ಕು ಸಾಲಿನ ಮೇಲ್. ಬರೆಯಲು ಒಂದು ಇಡೀ ಶನಿವಾರ ಹಿಡಿಯಿತು. ಕೆಲಸ ಹೋಗಬಹುದೆಂದುಕೊಂಡಿದ್ದೆ. ಬಂದ ಉತ್ತರದಲ್ಲಿ ಒಂದೇ ಪ್ರಶ್ನೆಯಿತ್ತು: ಸ್ಯಾನ್ ರಮೋನಿನಲ್ಲಿ ಯಾವಾಗಿನಿಂದ ವಾಸ? ‘ಮೊದಲ ದಿನದಿಂದಲೂ’ ಎಂದು ಬರೆದು, ಆ ಪದಗಳನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತೆ.

ತಿದ್ದಿದ ಪತ್ರ ಬಂತು. ಅಕ್ಕ ಎರಡೂ ರಿಟರ್ನುಗಳನ್ನು ಸಿದ್ಧಪಡಿಸಿದರು. ನಾನು ಪ್ರತಿ ಪುಟ ಓದಿ, ಅರ್ಥವಾಗದ ಕಡೆಗಳಲ್ಲಿ ಎರಡು ಬಾರಿ ಓದಿ, ಸಹಿ ಮಾಡಿದೆ. ಎರಡೂ ರಾಜ್ಯಗಳಿಂದ ಸ್ವೀಕೃತವೆಂಬ ಸಂದೇಶ ಬಂದ ದಿನ ಗಂಡ, “ನಾನು ಹೇಳಿರ್ಲಿಲ್ವಾ, ಈಸಿ ಅಂತ?” ಎಂದರು.

ಜೂನಿನಲ್ಲಿ ಪೌರತ್ವದ ಅರ್ಜಿ ತೆರೆದೆ. ತೆರಿಗೆಯ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದೆ. ಅದಕ್ಕೂ ಮೊದಲೊಂದು ಪಟ್ಟಿಯಿತ್ತು: ಕಳೆದ ಐದು ವರ್ಷಗಳಲ್ಲಿ ನೀವು ವಾಸಿಸಿದ ಸ್ಥಳಗಳೆಲ್ಲ. ಸ್ಯಾನ್ ರಮೋನ್ ಎಂದು ಬರೆದೆ. ವಾರಕ್ಕೆ ಮೂರು ರಾತ್ರಿ ಮಲಗಿದ ಕೋಣೆ? ಅಕ್ಕನಿಗೆ ಫೋನು ಮಾಡಿದೆ.

“ಅದನ್ನ ವಕೀಲರಿಗೆ ಕೇಳು ತಂಗಿ,” ಎಂದರು. “ನಂದು ತೆರಿಗಿ ಅಷ್ಟ.”

ವಕೀಲರ ಭೇಟಿ ಮುಂದಿನ ಮಂಗಳವಾರ. ಅರ್ಜಿಯ ಮುದ್ರಿತ ಪ್ರತಿಯೊಂದರ ಎರಡನೆಯ ಸಾಲಿನಲ್ಲಿ ಒರೆಗಾನ್ ಕೋಣೆಯ ವಿಳಾಸವನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.